ಆರಗದ ದಾರಿಯಲ್ಲಿ ಗಾಡಿ ಯಾಕೆ ನಿಂತಿತು

ಲಿಂಗನೂರು
೨೪ ಆಗಸ್ಟ್ ೨೦೧೪, ರವಿವಾರ

ಪ್ರೀತಿಯ ಪದ್ಮಾಗೆ,

ನಿನ್ನ ರಾವಸಾಬನ ನೆನಪುಗಳು. ಇಲ್ಲಿ ನಾನೂ ಅವ್ವನೂ ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಏಳಲಿಲ್ಲ, ಅದಕ್ಕೇ ಇದ್ದೇವೆ ಎಂದಷ್ಟೇ ಬರೆದೆ. ಮಾವನವರ ಮೊಣಕಾಲು ನೋವು ಹೇಗಿದೆ? ಅತ್ತೆಯವರು ಹೊತ್ತಿಗೆ ಸರಿಯಾಗಿ ಉಣ್ಣಲು ಹಾಕುತ್ತಾರೆಂದು ಗೊತ್ತು. ನೀನು ಉಣ್ಣುತ್ತೀಯೋ ಇಲ್ಲವೋ ಅದು ಗೊತ್ತಿಲ್ಲ.

ಬರೆಯಲು ಬಹಳ ತಡವಾಯಿತು, ಸಿಟ್ಟಾಗಬೇಡ. ನಿನ್ನ ಅಣ್ಣ ದಶರಥ ನಿನ್ನನ್ನು ಚಿಂಚಲಿಯ ತವರಿಗೆ ಕರೆದುಕೊಂಡು ಹೋದ ದಿನ ಮಿರಜ ಸ್ಟೇಷನ್ನಿನಲ್ಲಿ ನೀನು ಹೇಳಿದ್ದೆ, "ಫೋನ ಮಾಡಬ್ಯಾಡ್ರಿ. ನಿಮ್ಮ ದನಿ ಕೇಳಿದ್ರ ನನಗ ತಡಿಯೂದಿಲ್ಲ. ಅವತ್ತ ಗಾಡಿ ಯಾಕ ನಿಂತಿತ ಅಂಬೂದು ತಿಳೀತಂದ್ರ ಬರೀರಿ." ತಿಳಿದ ಮೇಲೇ ಬರೆಯೋಣ ಎಂದು ಕಾದೆ. ಇನ್ನೂ ತಿಳಿದಿಲ್ಲ. ಆದರೆ ನಾನು ಸುಮ್ಮನೆ ಕುಳಿತಿದ್ದೇನೆ ಎಂದು ನಿನಗೆ ಅನ್ನಿಸಬಾರದು. ನಾನು ಕಲಿತದ್ದು ಏಳನೇ ತರಗತಿಯವರೆಗೆ ಕನ್ನಡ ಶಾಲೆ, ಮುಂದೆಲ್ಲ ಮರಾಠಿ. ತಪ್ಪಿದ್ದಲ್ಲಿ ನೀನೇ ತಿದ್ದಿಕೊಂಡು ಓದು.

ನಮ್ಮ ಕೂಸು ಹೋದ ಮೇಲೆ ಊರಲ್ಲಿ ಎಲ್ಲರೂ ಒಂದೊಂದು ಕಾರಣ ಹೇಳಿದರು. ಅವ್ವ ಹಣೆಬರಹ ಎಂದಳು. ಹಾಲಿನ ಸಂಸ್ಥೆಯ ಚೇರಮನ್ ಗಂಗಪ್ಪ ಕಾಕಾ, ಹಳೇ ಗಾಡಿ ನಂಬಿ ಬಸುರಿಯನ್ನು ಕೂಡ್ರಿಸಬಾರದಿತ್ತು ಎಂದರು. ಓಣಿಯ ಹೌಸಾಬಾಯಿ, ಆರಗದ ಆಚೆಯ ಕಾಲುವೆ ಸೇತುವೆಯ ಮೇಲೆ ಏನೋ ಇದೆ, ಅಲ್ಲಿ ಮೊದಲೂ ಗಾಡಿಗಳು ನಿಂತಿವೆ ಎಂದಳು. ಯಾಕೆ ಎಂದು ಕೇಳಿದವಳು ನೀನೊಬ್ಬಳೇ. ಆ ಮಾತು ನನ್ನನ್ನು ಬಿಟ್ಟಿಲ್ಲ.

ಮೊದಲು ಹಾಲು ಸಾಗಿಸುವ ನಮ್ಮ ಪಿಕಪ್ ಗಾಡಿಯನ್ನು ಮಿರಜದ ಗ್ಯಾರೇಜಿಗೆ ಒಯ್ದೆ. ಮೀಟರಿನ ಪಕ್ಕದಲ್ಲಿ ಎಂಜಿನ್ನಿನ ಚಿತ್ರದ ಹಳದಿ ದೀಪ ಇದೆಯಲ್ಲ, ನೀನು "ಇದ್ಯಾಕ ಯಾವಾಗ್ಲೂ ಹತ್ತತೇತ್ರಿ" ಎಂದು ಕೇಳುತ್ತಿದ್ದೆ. ಅದು ಹತ್ತಿತೆಂದರೆ ಗಾಡಿಯ ಕಂಪ್ಯೂಟರ್ ತನ್ನೊಳಗೆ ಒಂದು ನಂಬರ್ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಕೋಡ್ ಅನ್ನುತ್ತಾರೆ. ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರ್ ಜೋಡಿಸಿದರೆ ಆ ನಂಬರ್ ಕಾಣುತ್ತದೆ. ಅಲ್ಲಿಯ ಮೇಸ್ತ್ರಿ ನೋಡಿ, ಡೀಸೆಲ್ ಒತ್ತಡ ಅಳೆಯುವ ಸೆನ್ಸರ್ ಹೋಗಿದೆ ಎಂದು ಹೊಸದು ಹಾಕಿ ಕೋಡ್ ಅಳಿಸಿಬಿಟ್ಟ. ದೀಪ ಆರಿತು. ಆ ವಾರವಿಡೀ ದೀಪ ನೋಡುತ್ತಲೇ ಓಡಿಸಿದೆ. ಮುಂದಿನ ವಾರ ಹಾಲಿನ ಕ್ಯಾನು ತುಂಬಿಕೊಂಡು ಹೊರಟಾಗ ಮತ್ತೆ ಹತ್ತಿತು.

ಸಾಂಗಲಿಯಲ್ಲಿ ಮಾಧವನಗರದ ರಸ್ತೆಗೆ ಇನ್ನೊಬ್ಬ ಮೇಸ್ತ್ರಿ ಇದ್ದಾನೆ. ಅವನ ಸ್ಕ್ಯಾನರಿನಲ್ಲಿ ಬೇರೆಯೇ ನಂಬರ್ ಬಂತು. ಎಂಜಿನ್ ತಿರುಗುವುದನ್ನು ಎಣಿಸುವ ಸೆನ್ಸರ್ ಅಂತೆ. ಅದನ್ನೂ ಬದಲಿಸಿದ. ಅದೂ ಸುಳ್ಳಾಯಿತು. ಮೂರನೆಯವನು, ಕಂಪ್ಯೂಟರ್ ಪೆಟ್ಟಿಗೆಯೇ ಕೆಟ್ಟಿದೆ, ಇದಕ್ಕೆ ರೊಕ್ಕ ಹಾಕುವ ಬದಲು ಬೇರೆ ಗಾಡಿ ನೋಡು ಎಂದ. ಗಂಗಪ್ಪ ಕಾಕಾನೂ ಅದನ್ನೇ ಹೇಳಿದರು, ಗುಜರಿಗೆ ಹಾಕು ಎಂದು.

"ಭಂಗಾರಕ್ಕ ಹಾಕು ರಾವಸಾಬ. ಸಂಸ್ಥೆ ಹೊಸಾ ಗಾಡಿ ತಗೊಳ್ಳಾಕತ್ತೇತಿ. ಅದರ ಮ್ಯಾಲ ನೀನ ಡ್ರಾಯವ್ಹರ. ಯಾಕ ಈ ಸತ್ತ ಗಾಡಿ ಹಿಂದ ತಿರಗತಿ?"

ಅವರು ಒಳ್ಳೆಯ ಮನಸ್ಸಿನಿಂದ ಹೇಳಿದ್ದು. ಕುಪವಾಡದಿಂದ ಭಂಗಾರದವನನ್ನೂ ಕಳಿಸಿದ್ದರು. ಅವನು ಟೈರು ಒದ್ದು, ಸುತ್ತು ಹಾಕಿ ನೋಡಿದ. ಈ ಗಾಡಿಯನ್ನು ಒಡೆದು ಹಾಕಿದರೆ ನೀನು ಕೇಳಿದ್ದಕ್ಕೆ ಉತ್ತರ ಮತ್ತೆ ಎಲ್ಲಿಯೂ ಸಿಗುವುದಿಲ್ಲ. ಅವನಿಗೆ ಚಹಾ ಕೊಟ್ಟು ಕಳಿಸಿಬಿಟ್ಟೆ.

ಅವ್ವ ಗಾಡಿಗೆ ದೃಷ್ಟಿ ತೆಗೆದು ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದಾಳೆ. ಆದರೆ ತಾನು ಹತ್ತುವುದಿಲ್ಲ. ಮಿರಜಕ್ಕೆ ಹೋಗುವುದಿದ್ದರೆ ಬಿಸಿಲಲ್ಲಿ ನಿಂತು ಎಸ್.ಟಿ. ಬಸ್ಸು ಕಾಯುತ್ತಾಳೆ. ಬಾ ಅವ್ವಾ ಎಂದರೆ ಮುಖ ತಿರುಗಿಸುತ್ತಾಳೆ. ನಿನ್ನ ಹಾಗೆ ಅವಳಿಗೂ ನನ್ನ ಮೇಲೆ ಸಿಟ್ಟೇನೋ. ನೀನು ಇಲ್ಲದ ಮನೆಯಲ್ಲಿ ನಾವಿಬ್ಬರೂ ಮಾತು ಕಡಿಮೆ ಮಾಡಿದ್ದೇವೆ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಇರುತ್ತದೆ.

ತಿಳಿದ ಕೂಡಲೇ ಬರೆಯುತ್ತೇನೆ. ದೇಹ ನೋಡಿಕೋ.

ನಿನ್ನ,
ರಾವಸಾಬ


ಲಿಂಗನೂರು
೯ ನವೆಂಬರ್ ೨೦೧೪, ರವಿವಾರ

ಪ್ರೀತಿಯ ಪದ್ಮಾಗೆ,

ರಾವಸಾಬನ ನೆನಪುಗಳು. ಮಾವನವರಿಗೂ ಅತ್ತೆಯವರಿಗೂ ನಮಸ್ಕಾರ ತಿಳಿಸು. ನಿನ್ನ ಕಾರ್ಡು ನವರಾತ್ರಿಯಲ್ಲೇ ಬಂದಿತ್ತು. "ಪತ್ರ ಮುಟ್ಟಿತು. ನಂಬರ್‌ಗಳು ನನಗೆ ತಿಳಿಯುವುದಿಲ್ಲ. ಯಾಕೆ ನಿಂತಿತು?" ಎಂದಷ್ಟೇ ಬರೆದಿದ್ದೆ. ನಿನ್ನ ಅಕ್ಷರ ನೋಡಿ ಎಷ್ಟೋ ದಿನವಾಗಿತ್ತು. ಉತ್ತರ ಕೈಯಲ್ಲಿ ಇಲ್ಲದೆ ಏನು ಬರೆಯಲಿ ಎಂದು ದೀಪಾವಳಿಯನ್ನೂ ಹಾಗೇ ಕಳೆದೆ. ಮನ್ನಿಸು. ಈಗ ಉತ್ತರ ಸಿಕ್ಕಿದೆ.

ಕುಪವಾಡದ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ಸತ್ಯಪ್ಪ ಕಾಕಾ ಎಂಬ ಹಿರಿಯರು ಇದ್ದಾರೆ. ಐಟಿಐಯಲ್ಲಿ ಹುಡುಗರಿಗೆ ಕಲಿಸಿ ನಿವೃತ್ತರಾದವರು. ಈಗ ಒಂದು ತಗಡಿನ ಶೆಡ್ಡಿನಲ್ಲಿ ಗಾಡಿಗಳ ವಾಯರಿಂಗ್ ಕೆಲಸ ಮಾಡುತ್ತಾರೆ. ನಮ್ಮ ಕಡೆಯ ಕನ್ನಡ ಮಾತು ಕೇಳಿ ಬಹಳ ಖುಷಿಪಟ್ಟರು. ಅವರ ತಾಯಿಯ ಊರು ಉಗಾರವಂತೆ. ನಾನು ಹೋದ ಕೂಡಲೇ ಕೋಡ್‌ಗಳ ಕಥೆ ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದರು.

"ಥಾಂಬ. ಅವು ಆಮ್ಯಾಲ. ಅವತ್ತ ಏನೇನಾತ ಅದನ್ನ ಹೇಳು, ಒಂದರ ಹಿಂದ ಒಂದ."

ಅದುವರೆಗೆ ಯಾವ ಮೇಸ್ತ್ರಿಯೂ ಹಾಗೆ ಕೇಳಿರಲಿಲ್ಲ. ಪದ್ಮಾ, ನೀನು ನನ್ನ ಪಕ್ಕದಲ್ಲೇ ಕುಳಿತಿದ್ದವಳು. ಆದರೂ ನಾನು ಅವರಿಗೆ ಹೇಳಿದ್ದನ್ನು ನಿನಗೂ ಹೇಳುತ್ತೇನೆ. ಅಂದು ನಾವು ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲೇ ಇಲ್ಲ.

ಬೆಳಗಿನ ಹಾಲನ್ನು ಡೇರಿಗೆ ಹಾಕಿ, ಅಲ್ಲಿಯೇ ಗಾಡಿಯ ಹಿಂದಿನ ಟ್ರಾಲಿ ತೊಳೆದು ಮನೆಗೆ ಬಂದೆ. ನೀನು ಹೊಸ್ತಿಲಲ್ಲಿ ಹೊಟ್ಟೆ ಹಿಡಿದು ಕುಳಿತಿದ್ದೆ. ಏಳನೇ ತಿಂಗಳಲ್ಲಿದ್ದೆ ಇನ್ನೂ. ಸೀರೆಯ ಮೇಲೆ ರಕ್ತ ಇತ್ತು. ಅವ್ವ ಸೀಟಿನ ಮೇಲೆ ಕೌದಿ ಹಾಸಿದಳು. ನಿನ್ನನ್ನು ನಡುವೆ ಕೂಡ್ರಿಸಿ ತಾನು ಕಿಟಕಿಯ ಕಡೆ ಕುಳಿತಳು. ಆರಗ ದಾಟಿ ಎಲೆತೋಟಗಳು ಮುಗಿದ ಮೇಲೆ ಕಾಲುವೆ ಸೇತುವೆಯ ಗುಂಡಿಯಲ್ಲಿ ಚಕ್ರ ಇಳಿಯಿತು. ಎಲ್ಲ ಒಮ್ಮೆಗೇ ಸತ್ತುಹೋಯಿತು. ಕೀಲಿ ತಿರುಗಿಸಿದರೆ ಟಕ್ ಎಂದು ಒಂದು ಸಪ್ಪಳ, ಅಷ್ಟೇ. ನಾನು ಕೆಳಗಿಳಿದು ಕೈ ಮಾಡಿದೆ, ಒಂದು ಕಬ್ಬಿನ ಟ್ರ್ಯಾಕ್ಟರ್ ಕೂಡ ಬರಲಿಲ್ಲ. ನೀನು ಮುಂದಿನ ಕಬ್ಬಿಣದ ಹಿಡಿ ಹಿಡಿದು ತಲೆ ಬಗ್ಗಿಸಿಕೊಂಡಿದ್ದೆ. ಒಂದು ಸಲವೂ ಒದರಲಿಲ್ಲ. ಒದರಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ. ಎಷ್ಟೋ ಹೊತ್ತಿನ ಮೇಲೆ ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು. ಮಿರಜ ಮುಟ್ಟಿದೆವು. ದವಾಖಾನೆಯ ಗೇಟಿನಲ್ಲೇ ಮತ್ತೆ ನಿಂತಿತು.

ನಿನ್ನನ್ನು ಗಾಲಿ ಕುರ್ಚಿಯಲ್ಲಿ ಮೇಲೆ ಒಯ್ದರು, ಅವ್ವ ಹಿಂದೆ ಓಡಿದಳು. ಗಾಡಿ ಗೇಟಿಗೆ ಅಡ್ಡ, ಹಿಂದೆ ಅಂಬ್ಯುಲೆನ್ಸ್, ವಾಚ್‌ಮನ್ ಬೈಯುತ್ತಿದ್ದ. ಹೇಗೋ ನೂಕಿ ಪಕ್ಕಕ್ಕೆ ಹಾಕಿದೆವು. ಆಪರೇಶನ್ ಮುಗಿಯಲು ಹೊತ್ತು ಹಿಡಿಯುತ್ತದೆ, ಕರೆಯುತ್ತೇವೆ ಎಂದು ಮೇಲಿನಿಂದ ಹೇಳಿ ಕಳಿಸಿದರು. ರಕ್ತ ತಾ ಅಂದರೆ, ಬೇರೆ ದವಾಖಾನೆಗೆ ಒಯ್ಯಿ ಅಂದರೆ ಗಾಡಿ ಬೇಕಲ್ಲ. ಬಾನೆಟ್ ಎತ್ತಿ ತಲೆ ಒಳಗೆ ಹಾಕಿದೆ. ಕೊನೆಗೆ ಕೈ ಒರೆಸಿಕೊಂಡು ಮೇಲೆ ಹೋದಾಗ ವಾರ್ಡಿನ ಬಾಗಿಲಲ್ಲಿ ಅವ್ವ ನಿಂತಿದ್ದಳು. "ಕೂಸ ಹುಟ್ಟೂದ್ರಾಗ ಹೋಗಿತ್ತಪಾ, ಉಸರ ಹಿಡೀಲಿಲ್ಲ" ಎಂದಳು. ನಿನಗೆ ಇನ್ನೂ ಎಚ್ಚರ ಬಂದಿರಲಿಲ್ಲ.

ಇಷ್ಟನ್ನೂ, ಬರೆದು ತಿಳಿಸಲು ನೀನು ಹೇಳಿದ್ದನ್ನೂ ಸತ್ಯಪ್ಪ ಕಾಕಾ ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, "ಎಂಜಿನ್ನಷ್ಟ ನಿಂತಿತೋ, ಮೀಟರಿನ ಲೈಟೂ ಹೋದುವೋ?"

"ಎಲ್ಲಾ ಹೋದುವ್ರಿ ಕಾಕಾ."

"ಇದನ್ನ ಮೊದಲ ಯಾರಿಗರೆ ಹೇಳಿದ್ಯಾ?"

"ಯಾರೂ ಕೇಳಲಿಲ್ರಿ."

ಅವರು ಆಗ ಸ್ಕ್ಯಾನರ್ ಹಚ್ಚಿದರು. ಕ್ಯಾನುಗಳಿಗೆ ನೀರು ತುಂಬಿಸಿ, ಹಾಲು ಹೇರಿದಷ್ಟೇ ಭಾರ ಮಾಡಿ, ಕೆಟ್ಟ ರಸ್ತೆಯಲ್ಲೇ ಓಡಿಸು ಎಂದು ಪಕ್ಕದಲ್ಲಿ ಕುಳಿತರು. ಒಂದೊಂದು ಗುಂಡಿಗೆ ಒಂದೊಂದು ನಂಬರ್ ಬರತೊಡಗಿತು. ಬ್ಯಾಟರಿಯ ಶಕ್ತಿ ಕಡಿಮೆ ಎನ್ನುವ ಕೋಡೂ ಅದರಲ್ಲಿ ಇತ್ತು. ಮೊದಲಿನವರಿಗೂ ಅದು ಕಂಡಿತ್ತು, ಹಳೇ ಬ್ಯಾಟರಿ ಎಂದು ಬಿಟ್ಟಿದ್ದರು.

"ಇಷ್ಟ ಸೆನ್ಸರ ಒಮ್ಮಿಗೇ ಹ್ಯಾಂಗ ಸಾಯ್ತಾವು? ಇವು ಸತ್ತಿಲ್ಲ. ಇವಕ್ಕ ಕರೆಂಟ ಬರೋಬರಿ ಮುಟ್ಟವಲ್ದು, ಅದಕ್ಕ ಒದರಾಕತ್ತಾವು" ಎಂದರು.

ಹಾಗೆಂದು ಅವರಿಗೂ ಒಮ್ಮೆಗೇ ಸಿಗಲಿಲ್ಲ. ಕೀಲಿಯ ಸ್ವಿಚ್ಚು ಎಂದು ಅದನ್ನು ಬದಲಿಸಿದರು. ನಾಲ್ಕು ದಿನ ಚೆನ್ನಾಗಿ ಓಡಿ ಡೇರಿಯ ಬಾಗಿಲಲ್ಲೇ ನಿಂತಿತು. ಕಟ್ಟಿ ಎಳೆಸಿಕೊಂಡು ಮತ್ತೆ ಅವರ ಶೆಡ್ಡಿಗೆ ಬಂದೆ. ತಂದಿಟ್ಟ ಚಹಾವನ್ನೂ ಮುಟ್ಟದೆ ಕಾಕಾ ಕುಳಿತುಬಿಟ್ಟರು. ನನಗೆ ಅವರನ್ನು ನೋಡಿ ಕೆಡುಕೆನಿಸಿತು. "ಹೋಗ್ಲಿ ಬಿಡ್ರಿ ಕಾಕಾ" ಎಂದೆ. ಅವರು ನನ್ನನ್ನೇ ನೋಡಿದರು. "ಆ ಹೆಣ್ಣಮಗಳಿಗೆ ಹೋಗ್ಲಿ ಬಿಡು ಅಂತ ನೀ ಬರದ ಕಳಸ್ತಿ?" ಎಂದು ಕೇಳಿದರು. ನಾನು ಎದ್ದು ಬಾನೆಟ್ ಎತ್ತಿದೆ.

ಮೀಟರ್ ತಂದರು. ಅದರ ಒಂದು ತಂತಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಕಬ್ಬಿಣಕ್ಕೆ ಒತ್ತಿ ಹಿಡಿದು, ಸ್ಟಾರ್ಟರ್ ಹೊಡಿ ಎಂದರು. ಇವೆರಡೂ ಒಂದೇ ಕೇಬಲ್ಲಿನಿಂದ ಜೋಡಿಸಿದ್ದು, ನಡುವೆ ಸೊನ್ನೆ ತೋರಿಸಬೇಕು. ಮುಳ್ಳು ಮೇಲಕ್ಕೆ ಹಾರಿತು. ಆ ಕೇಬಲ್ಲಿನಲ್ಲಿ ಕರೆಂಟ್ ಸರಿಯಾಗಿ ಹರಿಯುತ್ತಿಲ್ಲ ಎಂದರು ಕಾಕಾ. ಒಂದು ದಪ್ಪ ಕೇಬಲ್ ತಂದು ಬ್ಯಾಟರಿಯಿಂದ ಎಂಜಿನ್ನಿಗೆ ನೇರ ಹಿಡಿದು, ಈಗ ಹೊಡಿ ಎಂದರು. ಕೀಲಿ ಮುಟ್ಟಿದ್ದೇ ತಡ, ಗಾಡಿ ಹೊಸದರ ಹಾಗೆ ಎದ್ದಿತು.

ಟ್ರಾಲಿಯ ಕೆಳಗೆ ಇಬ್ಬರೂ ಗೋಣಿಚೀಲ ಹಾಸಿಕೊಂಡು ತೂರಿದೆವು. ಬ್ಯಾಟರಿಯ ಮೈನಸ್ ಕೇಬಲ್ಲನ್ನು ನಡುವೆ ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಬೋಲ್ಟು ಹಾಕಿ ಬಿಗಿದಿದ್ದರು. ಹೊರಗಿನಿಂದ ಏನೂ ಕೆಟ್ಟಂತೆ ಕಾಣಲಿಲ್ಲ. ಕಾಕಾ ಬ್ಲೇಡಿನಿಂದ ಅದರ ಕರಿ ಸಿಪ್ಪೆ ಸೀಳಿದರು. ಒಳಗಿನ ತಾಮ್ರವೆಲ್ಲ ಹಸಿರು ಪುಡಿಯಾಗಿ ಅವರ ಎದೆಯ ಮೇಲೆ ಉದುರಿತು. ಕೂದಲಿನಂಥ ಎರಡು ಮೂರು ಎಳೆ ಉಳಿದಿದ್ದವು. ಗಾಡಿ ಅಷ್ಟರ ಮೇಲೇ ಓಡುತ್ತಿತ್ತು. ಗುಂಡಿಯಲ್ಲಿ ಕುಲುಕಿದಾಗ ಆ ಎಳೆಗಳೂ ಬಿಡುತ್ತಿದ್ದವು, ಒಮ್ಮೊಮ್ಮೆ ತಾವೇ ಮತ್ತೆ ಕೂಡುತ್ತಿದ್ದವು.

ಕಾಕಾ ಬೆರಳು ಮೂಸಿ ನೋಡಿ ನನ್ನ ಮೂಗಿನ ಹತ್ತಿರ ಹಿಡಿದರು. "ಹುಳಿ ಮಜ್ಜಿಗಿ ವಾಸನಿ ಬರ್ತೇತಿ ನೋಡು."

ಪದ್ಮಾ, ಅದು ಹಾಲು. ಟ್ರಾಲಿಯ ತಳದಲ್ಲಿ ಒಂದು ಸೀಳಿದೆ. ಕ್ಯಾನಿನಿಂದ ತುಳುಕಿದ ಹಾಲು, ತೊಳೆದ ನೀರು, ಇಷ್ಟು ವರ್ಷ ಆ ಸೀಳಿನಿಂದ ಹನಿಹನಿಯಾಗಿ ಅದೇ ಕೇಬಲ್ಲಿನ ಮೇಲೆ ಬಿದ್ದು, ಸಿಪ್ಪೆಯೊಳಗೆ ಇಳಿದು, ತಾಮ್ರವನ್ನು ತಿಂದಿದೆ. ಗಾಡಿ ನಿಂತದ್ದು ಇದಕ್ಕೆ. ಸೇತುವೆಯಲ್ಲಿ ಏನೂ ಇಲ್ಲ. ಯಾರ ಕಣ್ಣೂ ಅಲ್ಲ. ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ, ಇದರಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆ ಇಲ್ಲ.

ಉತ್ತರ ಸಿಕ್ಕರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆ ಕೇಬಲ್ಲಿನ ತುಂಡು ಕೈಯಲ್ಲಿ ಹಿಡಿದು ಗಾಡಿಯ ಕೆಳಗೇ ಮಲಗಿ ಅತ್ತೆ. ಕೂಸು ಹೋದ ಜೂನ್ ತಿಂಗಳಿನಿಂದ ಅತ್ತಿರಲಿಲ್ಲ. ಕಾಕಾ ಪಕ್ಕದಲ್ಲೇ ಮಲಗಿದ್ದರು. ಆಮೇಲೆ ಹೇಳಿದರು, "ಇಷ್ಟ ವರ್ಷ ಹುಡುಗೂರಿಗೆ ಕಲಿಸೇನಿ. ಫಾಲ್ಟ ಸಿಗಲಿಲ್ಲಂತ ಅತ್ತಾವರನ್ನ ನೋಡೇನಿ. ಸಿಕ್ಕಿತಂತ ಅತ್ತಾವನ್ನ ಇವತ್ತ ನೋಡಿದ್ನಿ."

ಹೊಸ ಕೇಬಲ್ ಹಾಕಿ, ಹಾಲು ಬೀಳದ ಕಡೆಗೆ ತಿರುಗಿಸಿ ಬಿಗಿದಿದ್ದಾರೆ. ತಳದ ಸೀಳಿಗೆ ತಗಡು ಬೆಸುಗೆ ಹಾಕಿಸಿದೆ. ಅಂದಿನಿಂದ ಹಳದಿ ದೀಪ ಹತ್ತಿಲ್ಲ. ಗಂಗಪ್ಪ ಕಾಕಾ ನಂಬಲಿಲ್ಲ, ತಾವೇ ಕುಳಿತು ಒಂದು ಸುತ್ತು ಹೋಗಿ ಬಂದರು.

ಮೊನ್ನೆ ಅವ್ವನ ಕಣ್ಣು ತೋರಿಸುವುದಿತ್ತು. ಈಗ ಗಾಡಿ ನಿಲ್ಲುವುದಿಲ್ಲ ಅವ್ವಾ, ಬಾ ಎಂದೆ. ಬಹಳ ಹೊತ್ತು ಬಾಗಿಲು ಹಿಡಿದು ನಿಂತು ಕೊನೆಗೆ ಹತ್ತಿದಳು. ಮೋತಿಬಿಂದುವಿನ ಪೊರೆ ಇನ್ನೂ ಬಲಿತಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಎಂದರು. ದ್ರಾಕ್ಷಿ ತೋಟಗಳಲ್ಲಿ ಈಗ ಔಷಧ ಹೊಡೆಯುವ ಕೆಲಸ ಜೋರು. ನಿನ್ನ ಕೆಂಪು ಆಕಳು ಗಬ್ಬ ನಿಂತಿದೆ.

ನೀನು ಕೇಳಿದ್ದನ್ನು ಕೊಟ್ಟಿದ್ದೇನೆ. ಬರುವುದು, ಬಿಡುವುದು ನಿನ್ನ ಮನಸ್ಸು. ಒತ್ತಾಯ ಮಾಡುವುದಿಲ್ಲ. ನೀನು ಎಲ್ಲಿದ್ದರೂ ಮಾಯಕ್ಕದೇವಿ ನಿನ್ನ ತಲೆಯ ಮೇಲೆ ಕೈ ಇಟ್ಟಿರಲಿ. ಹೊಟ್ಟೆ ತುಂಬ ಉಣ್ಣು.

ನಿನ್ನ,
ರಾವಸಾಬ

ತಾ.ಕ.: ಪದ್ಮಾ, ಪತ್ರ ಮಡಚಿ ಅಂಟಿಸಲು ಕುಳಿತಿದ್ದೆ. ಆಗಲಿಲ್ಲ. ಅವ್ವ ಗಾಡಿಯಲ್ಲಿ ಹೇಳಿದ್ದನ್ನು ಬಿಟ್ಟು ಬರೆದಿದ್ದೆ. "ನನ್ನ ಬಾಯಲೆ ಆಕಿಗಿ ಹೇಳಾಕ ಆಗೂದಿಲ್ಲ, ನೀ ಬರಿ" ಎಂದಿದ್ದಾಳೆ. ಬರೆಯುತ್ತೇನೆ. ಅತ್ತೆಯವರನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ಓದು.

ಮಿರಜದಿಂದ ತಿರುಗಿ ಬರುವಾಗ ದವಾಖಾನೆಯ ಗೇಟಿನ ಮುಂದೆ ಹಾದುಬಂದೆವು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಗಾಡಿ ಬಾಜೂಕ ತಗೋ" ಎಂದಳು. ತೆಗೆದುಕೊಂಡೆ.

"ಕೂಸ ಜೀವಂತ ಹುಟ್ಟಿತ್ತು, ರಾವಸಾಬ" ಎಂದಳು.

ಹೆಣ್ಣು. ಒಂದು ತಾಸಿನಷ್ಟು ಇದ್ದಳಂತೆ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಬದುಕುವುದು ಕಷ್ಟ, ಹತ್ತಿರ ಇರಿ ಎಂದು ನರ್ಸಬಾಯಿ ಅವ್ವನನ್ನು ಒಳಗೆ ಬಿಟ್ಟಿದ್ದಳು. ಪೆಟ್ಟಿಗೆಯ ತೂತಿನಲ್ಲಿ ಕೈ ಇಟ್ಟು ಅವ್ವ "ಏನವ್ವಾ, ನಮ್ಮಕ್ಕಾ" ಎಂದು ಮುದ್ದಿನಿಂದ ಕರೆದಾಗ ಕೂಸು ಕಣ್ಣು ತೆರೆದಳಂತೆ. ತಲೆ ತುಂಬ ಕೂದಲು. ಹಣೆ ನಿನ್ನದೇ.

ನಾನು ಕೇಳಿದೆ, "ನನ್ನ್ಯಾಕ ಕರೀಲಿಲ್ಲವ್ವಾ?"

"ಕಿಡಕ್ಯಾಗಿಂದ ನೀ ಕಾಣತಿದ್ದಿ. ಬಾನೆಟ್ಟಿನ್ಯಾಗ ತಲಿ ಹಾಕಿದ್ದಿ. ಎರಡ ಸರತಿ ಒದರಿದ್ನಿ, ನಿನಗ ಕೇಳಲಿಲ್ಲ. ಇಳದ ಬಂದ ಕರೀಬೇಕಂದ್ರ ಕೂಸ ನನ್ನ ಬೆರಳ ಹಿಡದಿತ್ತು. ಬಿಡಿಸ್ಕೊಂಡ ಹ್ಯಾಂಗ ಬರ್ಲಿ?"

ನಾನು ಮೇಲೆ ಬರುವಷ್ಟರಲ್ಲಿ ಮುಗಿದಿತ್ತು. ತಾಯಿ ತಂದೆ ಇಬ್ಬರೂ ನೋಡಲಿಲ್ಲ, ಅದು ತಿಳಿದರೆ ಇಬ್ಬರೂ ಉಳಿಯುವುದಿಲ್ಲ, ಹುಟ್ಟುತ್ತಲೇ ಹೋಗಿತ್ತು ಅಂದರೆ ಸಹಿಸಿಕೊಳ್ಳುತ್ತಾರೆ ಎಂದು ಅವ್ವ ಅಲ್ಲಿಯೇ ಬಾಗಿಲಲ್ಲಿ ನಿಶ್ಚಯ ಮಾಡಿದಳಂತೆ. ಡಾಕ್ಟರರ ಹತ್ತಿರ ಮಾತಾಡಿದ್ದೂ ಅವಳೇ, ನಾನು ನಿನ್ನ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಇಷ್ಟು ದಿನ ಒಬ್ಬಳೇ ಇಟ್ಟುಕೊಂಡಿದ್ದಾಳೆ. ನಾನು ಹುಡುಕುತ್ತಿದ್ದದ್ದು ಗಾಡಿಯ ರೋಗ. ನನ್ನ ಮಗಳು ಮೇಲಿನ ಕೋಣೆಯಲ್ಲಿ ಕಣ್ಣು ತೆರೆದಾಗಲೂ ಅದನ್ನೇ ಹುಡುಕುತ್ತಿದ್ದೆ.

ಅವ್ವನ ಮೇಲೆ ಸಿಟ್ಟು ಮಾಡಬೇಡ. ಲೋಕದಲ್ಲಿ ನಮ್ಮ ಮಗಳನ್ನು ಕಣ್ಣು ತುಂಬ ನೋಡಿದವಳು ಅವಳೊಬ್ಬಳೇ. ಯಾವ ಬೆರಳು ಎಂದು ಕೇಳಿದೆ. ಬಲಗೈಯ ತೋರುಬೆರಳು ಚಾಚಿದಳು. ರಸ್ತೆಯ ಪಕ್ಕದಲ್ಲಿ ಗಾಡಿ ನಿಲ್ಲಿಸಿಕೊಂಡು ಅದನ್ನು ಹಿಡಿದು ಕುಳಿತೆ. ನೀನು ಬಂದರೆ ನಿನಗೂ ಕೊಡುತ್ತಾಳೆ.